ತಕ್ಕಡಿಯಲ್ಲಿ ರೂಪಾಯಿ

ಮಕ್ಕಳೇ, ಅಜ್ಜಿಯ ಪೆಟ್ಟಿಗೆಯಲ್ಲಿ ಹಳೆಯ ಬೆಳ್ಳಿ ರೂಪಾಯಿ ಇದ್ದರೆ ಕೈಯಲ್ಲಿ ಹಿಡಿದು ನೋಡಿ. 1910ರ ಸುಮಾರಿಗೆ ಅದು ಹಣವೂ ಹೌದು, ತೂಕದ ಕಲ್ಲೂ ಹೌದು; ಸರಿಯಾಗಿ ಒಂದು ತೊಲ, ಅಂದರೆ ಹನ್ನೊಂದೂವರೆ ಗ್ರಾಂಗಿಂತ ತುಸು ಹೆಚ್ಚು. ಗ್ರಂಥಿಗೆ ಅಂಗಡಿಯ ತಕ್ಕಡಿಯಲ್ಲಿ ಒಂದು ಕಡೆ ರೂಪಾಯಿ, ಇನ್ನೊಂದು ಕಡೆ ಜ್ಯೇಷ್ಠಮಧುವೋ ಹಿಪ್ಪಲಿಯೋ. ಬೆಲೆ ಮಾತ್ರ ಕಾಸುಗಳಲ್ಲಿ. ರೂಪಾಯಿಗೆ 192 ಕಾಸು!

ಸವೆದ ರೂಪಾಯಿ ಇಟ್ಟರೆ ಔಷಧಿ ಕಡಿಮೆ ಬರುತ್ತದಲ್ಲ? ಮನೆಯಲ್ಲೋ ಕೆಮ್ಮುವ ಕೂಸು. “ಶೆಟ್ಟರೇ, ರಾಜನ ಮೂಗು ಕಾಣೋ ರೂಪಾಯಿ ಇಡಿ” ಎಂದು ನಮ್ಮಜ್ಜಿ ಪಟ್ಟು ಹಿಡಿಯುತ್ತಿದ್ದರಂತೆ.

ಮನೆಯಲ್ಲಿ ತಕ್ಕಡಿಯಿಲ್ಲ. ಜಾಯಿಕಾಯಿಯನ್ನು ಸಾಣೆಕಲ್ಲಿನ ಮೇಲೆ ಸುತ್ತು ಎಣಿಸಿಯೇ ತೇಯಬೇಕು. ಹೆಚ್ಚಾದರೆ ಕೂಸು ಮಂಪರಿಗೆ ಬಿದ್ದೀತು. ಎಣಿಸುವಾಗ ಅಜ್ಜಿಯನ್ನು ಯಾರೂ ಮಾತಾಡಿಸುವಂತಿರಲಿಲ್ಲ, ನಮ್ಮ ತಾತನೂ.