ಕೊಳಚೆ ನೀರಿನ ಲೆಕ್ಕದಲ್ಲಿ ಕಾಣದ ಬಾಕಿ

ನಗರದ ಕೊಳಚೆ ನೀರು ಸಂಸ್ಕರಣಗೊಂಡು ಮತ್ತೆ ಕೆರೆ, ನದಿ, ತೋಟಗಳನ್ನು ಸೇರುವ ಕಾಲವಿದು. ಅದರ ಶುದ್ಧತೆಗೆ ಪ್ರಮಾಣವಾಗಿ ಸಾಮಾನ್ಯವಾಗಿ ಮುಂದಿಡುವ ಅಂಕಿ ಬಿ.ಓ.ಡಿ., ಎಂದರೆ ಜೈವಿಕ ಆಮ್ಲಜನಕ ಬೇಡಿಕೆ. ಇದೊಂದನ್ನೇ ನಂಬಿ ತೃಪ್ತರಾಗುವುದು ಸಾರ್ವಜನಿಕ ಆರೋಗ್ಯದ ದೃಷ್ಟಿಯಿಂದ ಉಚಿತವಲ್ಲ.

ಈ ಪರೀಕ್ಷೆಯಲ್ಲಿ ನೀರಿನ ಮಾದರಿಯನ್ನು ಮುಚ್ಚಿದ ಸೀಸೆಯಲ್ಲಿ, ಕತ್ತಲೆಯಲ್ಲಿ, 27 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ 3 ದಿನ ಇಡುತ್ತಾರೆ. ಕಲ್ಮಷವನ್ನು ಅರಗಿಸಲು ಸೂಕ್ಷ್ಮಜೀವಿಗಳು ವ್ಯಯಿಸಿದ ಆಮ್ಲಜನಕವೇ ಅಳತೆ. ಅವು ಮುಟ್ಟದ ಬಣ್ಣ, ಔಷಧಶೇಷ, ಕೈಗಾರಿಕಾ ರಾಸಾಯನಿಕಗಳು ಲೆಕ್ಕಕ್ಕೇ ಬರುವುದಿಲ್ಲ. ಸಿ.ಓ.ಡಿ., ಅಂದರೆ ರಾಸಾಯನಿಕ ಆಮ್ಲಜನಕ ಬೇಡಿಕೆಯ ಪರೀಕ್ಷೆಯಲ್ಲಾದರೋ ಮಾದರಿಯನ್ನು ಪ್ರಬಲ ಗಂಧಕಾಮ್ಲದಲ್ಲಿ ಪೊಟ್ಯಾಸಿಯಂ ಡೈಕ್ರೋಮೇಟಿನೊಡನೆ 2 ಗಂಟೆ ಕುದಿಸುವುದರಿಂದ ಅಂಥ ವಸ್ತುಗಳೂ ಬಹುಮಟ್ಟಿಗೆ ಲೆಕ್ಕಕ್ಕೆ ಸಿಗುತ್ತವೆ.

ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಸಿ.ಓ.ಡಿ. ಒಟ್ಟು ಸಾಲ, ಬಿ.ಓ.ಡಿ. ಬೇಗ ವಸೂಲಾಗಬಲ್ಲ ಭಾಗ. ಸಂಸ್ಕರಣದ ನಂತರ ಬಿ.ಓ.ಡಿ. ಲೀಟರಿಗೆ 10 ಮಿಲಿಗ್ರಾಂಗೆ ಇಳಿದು, ಸಿ.ಓ.ಡಿ. 90ರಲ್ಲೇ ನಿಂತಿತೆನ್ನೋಣ. ಕೊಳೆಯದ ಬಾಕಿ ಆ ಅಂತರದಲ್ಲಿ ಅಡಗಿರುತ್ತದೆ. ಅಂತರವೆಲ್ಲವೂ ಕೊಳೆಯದ ವಸ್ತುವಲ್ಲ, ನಿಧಾನವಾಗಿ ಕೊಳೆಯುವುದೂ ಅದರಲ್ಲಿ ಸೇರಿದೆ. ನಿಖರವಾಗಿ ತಿಳಿಯಬೇಕಾದರೆ ಮಾದರಿಗೆ ಹಲವು ವಾರ ಗಾಳಿಯೂಡಿ, ಜೀವಿಗಳು ತಿನ್ನಬಲ್ಲದ್ದೆಲ್ಲ ತೀರಿದ ಮೇಲೆ ಸೋಸಿ ಸಿ.ಓ.ಡಿ. ಅಳೆಯಬೇಕು. ವಸೂಲಾತಿಯನ್ನಷ್ಟೇ ತೋರಿಸಿ ಮುಳುಗಿದ ಸಾಲವನ್ನು ಮರೆಸುವ ಅಢಾವೆ ಪತ್ರಿಕೆಗೆ ಯಾವ ಲೆಕ್ಕಪರಿಶೋಧಕನು ಸಹಿ ಹಾಕಿಯಾನು?

ಆದರೂ 2017ರ ಅಕ್ಟೋಬರಿನಲ್ಲಿ ಕೇಂದ್ರ ಪರಿಸರ ಸಚಿವಾಲಯವು ಕೊಳಚೆ ಸಂಸ್ಕರಣ ಘಟಕಗಳಿಗೆ ವಿಧಿಸಿದ ಮಾನದಂಡಗಳಲ್ಲಿ ಬಿ.ಓ.ಡಿ. ಇತ್ತು, ಸಿ.ಓ.ಡಿ. ಇರಲಿಲ್ಲ. 2019ರ ಏಪ್ರಿಲಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಮಹಾನಗರಗಳಿಗೆ ಬಿ.ಓ.ಡಿ. 10, ಸಿ.ಓ.ಡಿ. 50 ಮಿಲಿಗ್ರಾಂ ಮಿತಿಯನ್ನು ಎತ್ತಿಹಿಡಿದುದು ಸ್ತುತ್ಯರ್ಹ. ಸಿ.ಓ.ಡಿ. ಪರೀಕ್ಷೆಯಲ್ಲಿ ಪಾದರಸ, ಕ್ರೋಮಿಯಂ ಬಳಕೆಯಾಗುವುದರಿಂದ ಅದರ ತ್ಯಾಜ್ಯವೇ ಅಪಾಯಕರವೆಂಬ ಆಕ್ಷೇಪವುಂಟು. ಅದು ತ್ಯಾಜ್ಯವನ್ನು ಜೋಪಾನವಾಗಿ ವಿಲೇವಾರಿ ಮಾಡಲು ಕಾರಣವೇ ಹೊರತು ಅಳೆಯದಿರಲು ಕಾರಣವಲ್ಲ.

ಇದು ತವರಿನ ಪ್ರಶ್ನೆಯೂ ಹೌದು. 2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರನ್ನು ಅಂತರ್ಜಲ ಮರುಪೂರಣಕ್ಕೆಂದು ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ಕೆರೆಯಿಂದ ಇಂಗಿದ ನೀರು ಕೊಳವೆಬಾವಿಯಲ್ಲಿ ಮೇಲೇಳುವಾಗ ಕೊಳೆಯದ ಬಾಕಿಯೂ ಜೊತೆಗೆ ಬಂದೀತು.

ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ನೆಲೆಸಿದ ಕನ್ನಡಿಗರ ಎಷ್ಟೋ ವಸತಿ ಸಂಘಗಳಲ್ಲಿ ಇಂದು ಸ್ವಂತ ಸಂಸ್ಕರಣ ಘಟಕಗಳಿವೆ. ವಾರ್ಷಿಕ ಸಭೆಯಲ್ಲಿ ಹಣದ ಲೆಕ್ಕ ಕೇಳುವ ಸದಸ್ಯರು ನೀರಿನ ಲೆಕ್ಕವನ್ನೂ ಕೇಳಲಿ. ಒಂದಲ್ಲ, ಎರಡೂ ಅಂಕಿಗಳನ್ನು ಕೇಳಲಿ.