ಹಕ್ಕಿಯ ನೆನಪು, ನಮ್ಮ ಹಿತ್ತಲ ಗಿಡ

ಮಿಮಿಕ್ರಿ ಅಂದ ತಕ್ಷಣ ನಮಗೆ ನೆನಪಾಗೋದು ವೇದಿಕೆ ಮೇಲೆ ಅಣ್ಣಾವ್ರ ದನಿ ತೆಗೆಯೋ ಕಲಾವಿದರು. ಚಿಟ್ಟೆಗಳಲ್ಲೂ ಈ ವಿದ್ಯೆ ಇದೆ. ಆದರೆ ಅಲ್ಲಿ ಅದು ಪ್ರಾಣದ ಪ್ರಶ್ನೆ.

ಟೆಕ್ಸಸ್‌ನಲ್ಲಿರೋರು ಕಿತ್ತಳೆ-ಕಪ್ಪು ಬಣ್ಣದ ಮೊನಾರ್ಕ್ ಚಿಟ್ಟೆ ನೋಡೇ ಇರ್ತೀರಿ. ದಸರಾ ಗೊಂಬೆ ಕೂರಿಸೋ ಹೊತ್ತಿಗೆ ಡಲ್ಲಾಸ್, ಆಸ್ಟಿನ್ ಹಾದು ಮೆಕ್ಸಿಕೋಗೆ ಹೋಗುತ್ತೆ. ಯುಗಾದಿ ಹೊತ್ತಿಗೆ ವಾಪಸ್ ಬಂದು ಮೊಟ್ಟೆ ಇಡುತ್ತೆ. ಇದರ ಮರಿಹುಳು ತಿನ್ನೋದು ಮಿಲ್ಕ್‌ವೀಡ್ ಗಿಡ, ನಮ್ಮ ಎಕ್ಕದ ಸಂಬಂಧಿ. ಆ ಗಿಡದ ವಿಷ ಚಿಟ್ಟೆಯ ಮೈ ಸೇರುತ್ತೆ. ಒಮ್ಮೆ ತಿಂದು ವಾಂತಿ ಮಾಡಿಕೊಂಡ ಹಕ್ಕಿ ಮುಂದೆ ಆ ಬಣ್ಣ ಕಂಡರೇ ದೂರ. ಅದೇ ಬಣ್ಣ ಹೊತ್ತಿರೋ ಇನ್ನೊಂದು ಚಿಟ್ಟೆ ವೈಸ್‌ರಾಯ್. ಇದರದ್ದು ಬರೀ ವೇಷ ಅಂತ ಬಹಳ ಕಾಲ ನಂಬಿದ್ದರು. ಇದೂ ಹಕ್ಕಿಗೆ ರುಚಿಸಲ್ಲ ಅಂತ 1991ರಲ್ಲಿ ರಿಟ್ಲೆಂಡ್ ಮತ್ತು ಬ್ರೌವರ್ ತೋರಿಸಿದರು. ಅಂದರೆ, ಹಕ್ಕಿಗೆ ಪಾಠ ಕಲಿಸೋ ನಷ್ಟವನ್ನ ಎರಡೂ ಜಾತಿ ಹಂಚಿಕೊಳ್ಳುತ್ವೆ.

ನಾವು ಮಾಡಿದ್ದೇನು? ಡಲ್ಲಾಸ್‌ನಿಂದ ಆಸ್ಟಿನ್ ಕಡೆಗೆ ಹಬ್ಬಿದ್ದ ಕಪ್ಪುಮಣ್ಣಿನ ಹುಲ್ಲುಗಾವಲಿನಲ್ಲಿ ಶೇ. 1ರಷ್ಟೂ ಮೂಲರೂಪದಲ್ಲಿ ಉಳಿದಿಲ್ಲ. ಅದರ ಜೊತೆ ಮಿಲ್ಕ್‌ವೀಡೂ ಕಮ್ಮಿಯಾಯ್ತು. ವೈಸ್‌ರಾಯ್ ಹುಳು ತಿನ್ನೋದು ನೀರಿನ ದಂಡೆಯ ವಿಲ್ಲೋ ಮರದ ಎಲೆ. ಅದು ಉಳಿದುಕೊಂಡಿರೋ ಕಡೆಯೂ ಜೊತೆಗಾರ ಕಮ್ಮಿಯಾದರೆ ಪಾಠದ ಹೊರೆಯೆಲ್ಲ ಒಂದರ ಮೇಲೇ ಬೀಳುತ್ತೆ.

ಸರಿ, ನರ್ಸರಿಯಿಂದ ಗಿಡ ತಂದು ನೆಡ್ತೀವಿ. ಯಾವ ಗಿಡ? ಬಟರ್‌ಫ್ಲೈ ವೀಡ್‌ನಲ್ಲಿ ವಿಷ ತೀರಾ ಕಮ್ಮಿ. ಅದನ್ನೇ ತಿಂದು ಬೆಳೆದ ಮೊನಾರ್ಕ್ ವಿಷವಿರೋ ಬಳಗದ ಹೆಸರಿನಲ್ಲಿ ಬದುಕಬೇಕು. ಟ್ರಾಪಿಕಲ್ ಮಿಲ್ಕ್‌ವೀಡ್‌ನಲ್ಲಿ ವಿಷ ಜಾಸ್ತಿ. ಆದರೆ ಹೂಸ್ಟನ್‌ನ ಮೆದು ಚಳಿಗಾಲದಲ್ಲೂ ಅದು ಹಸಿರಾಗೇ ಇರೋದರಿಂದ ಕೆಲವು ಚಿಟ್ಟೆ ವಲಸೆ ಬಿಟ್ಟು ಅಲ್ಲೇ ಉಳಿಯುತ್ವೆ, ಓಇ ಅನ್ನೋ ಪರಾವಲಂಬಿ ಎಲೆಯಿಂದ ಹುಳುವಿಗೆ ಹರಡುತ್ತಾ ಹೋಗುತ್ತೆ.

ಅದಕ್ಕೇ ನನ್ನ ಅಭಿಪ್ರಾಯ: ಚಿಟ್ಟೆ ತೋಟ ಬರೀ ಅಲಂಕಾರ ಅಲ್ಲ. ಟೆಕ್ಸಸ್ ನೆಲದ್ದೇ ಆದ ಗ್ರೀನ್ ಮಿಲ್ಕ್‌ವೀಡ್, ಆಂಟಿಲೋಪ್ ಹಾರ್ನ್ಸ್ ಹುಡುಕಿ ನೆಡಿ. ಟ್ರಾಪಿಕಲ್ ಈಗಾಗಲೇ ಇದ್ದರೆ ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಬುಡದ ಹತ್ತಿರಕ್ಕೆ ಕತ್ತರಿಸ್ತಾ ಇರಿ.

ಊರಲ್ಲಿರೋರಿಗೂ ಒಂದು ಮಾತು. ಎಕ್ಕ ತಿಂದು ಬೆಳೆಯೋ ಪ್ಲೇನ್ ಟೈಗರ್ ಚಿಟ್ಟೆಯ ವೇಷ ಹಾಕಿ ಬದುಕೋದು ಡನೈಡ್ ಎಗ್‌ಫ್ಲೈ ಹೆಣ್ಣು. ಅದರ ಮೈಯಲ್ಲಿ ಅಂಥ ವಿಷ ಇಲ್ಲ. ಅದಕ್ಕಿರೋ ರಕ್ಷಣೆ ಹಕ್ಕಿಯ ನೆನಪು ಮಾತ್ರ. ಖಾಲಿ ಸೈಟ್ ಕ್ಲೀನ್ ಮಾಡಿಸೋವಾಗ ಮೂಲೆಯ ಎಕ್ಕದ ಗಿಡವೊಂದನ್ನ ಬಿಟ್ಟುಬಿಡಿ. ಆ ನೆನಪು ಶುರುವಾಗೋದು ಅಲ್ಲಿಂದಲೇ.