ಹೊಟೇಲ್ ಪಾಳು ಬಿದ್ದ ಮೇಲೆ ಫೋಟೊ ತೆಗೆದು ಏನು ಉಪಯೋಗ?

ರಾಜೇಶ್ವರ: ಬಾಗಿಲು ಹಾಕಿದ ಹೊಟೇಲ್ ಕಂಡರೆ ಸಾಕು, ಮೊಬೈಲ್ ಹೊರಗೆ ಬರುತ್ತೆ. ಇಂಥ ಫೋಟೊಗಳಿಂದಲೇ ಹೆಸರಾದ ಊರು ಸೈಪ್ರಸ್ ದೇಶದ ವರೋಶಾ. ಸಮುದ್ರದಂಡೆಯ ಪ್ರವಾಸಿ ತಾಣ. 1974ರಲ್ಲಿ ಟರ್ಕಿ ಸೈನ್ಯ ಬಂದಾಗ ಜನ ಓಡಿಹೋದರು, ಹೊಟೇಲ್‌ಗಳು ಹಾಗೇ ಉಳಿದವು. 2020ರಲ್ಲಿ ಒಂದು ಭಾಗ ತೆರೆದಾಗ ಕ್ಯಾಮೆರಾ ಹಿಡಿದವರು ಬಂದರು. ಆಸ್ತಿಯ ತಕರಾರು ಮಾತ್ರ ಇನ್ನೂ ಮುಗಿದಿಲ್ಲ.

ನಮ್ಮ ಕಡೆ ಹೊಟೇಲ್ ಮುಚ್ಚಿಸಲು ಸೈನ್ಯ ಬೇಕಿಲ್ಲ, ಒಂದು ಬೈಪಾಸ್ ಸಾಕು. ಪುಣೆ–ಹೈದರಾಬಾದ್ ಹೆದ್ದಾರಿ (ಮೊದಲು 9, ಈಗ 65) ಬದಿಯ ಖಾನಾವಳಿ, ಚಹಾದಂಗಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ 3ಜಿ ಕಲಂ ಪ್ರಕಾರ ರಸ್ತೆಗೆ ಜಾಗ ಹೋದರೆ ಪರಿಹಾರ ಉಂಟು. ಅದರಿಂದ ಅಂಗಡಿ ಬೇರೆ ಕಡೆ ಸಾಗಿಸಬೇಕಾಗಿ ಬಂದರೆ ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು. ಜಾಗ ಉಳಿದು ಗಿರಾಕಿ ಹೋದರೆ? ಆ ಕಲಂನಲ್ಲಿ ಅದರ ಮಾತೇ ಇಲ್ಲ.

ಹಂಗಾಗಿ ಅಂಗಡಿ ನಡೀತಿರುವಾಗಲೇ ಫೋಟೊ ತೆಗೆದಿಡುವುದು ಒಳ್ಳೇದು: ಬೋರ್ಡು, ಒಲೆ, ಒಳಗಿನ ಕಟ್ಟಡ, ದಿನಾಂಕ ಸಮೇತ. ಲೈಸೆನ್ಸ್, ಬಾಡಿಗೆ ಕರಾರಿನ ಜತೆ ಅದೂ ಫೈಲಿನಲ್ಲಿರಲಿ. ಭೂಸ್ವಾಧೀನದ ಅಧಿಸೂಚನೆ ಹೊರಬಿದ್ದ ಮೇಲೆ ಆಕ್ಷೇಪಣೆ ಸಲ್ಲಿಸಲು ಸಿಗೋದು ಬರೀ 21 ದಿನ.